ಡೆಲ್ಬರ್ಟ್ ಕೇಳಿದ ಕೊಸರು

ಡೆಲ್ಬರ್ಟ್ ಕ್ರಾಮರನ ಶ್ವಾಸಕೋಶಗಳು ಅವನಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು. ಐಯೋವಾದ ನಮ್ಮೂರಿನ ಜೋಳದ ಗಿರಣಿಯಲ್ಲಿ ಜೀವಮಾನವಿಡೀ ಧೂಳು ಕುಡಿದ ಆಸಾಮಿ. ಈಗ ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂತಿರುತ್ತಾನೆ. ಮುಂದಿನ ಬೇಸಿಗೆ ನೋಡುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ, ಮುಂದಿನ ಆಟದ ಸೀಸನ್ ನೋಡುವುದು ಕಷ್ಟ ಎಂದೇ ಅವನಿಗೆ ಕೇಳಿಸಿತು. ಕನ್ನಡ ಬಂದಿದ್ದರೆ ಬೇಸಿಗೆ ಎಂಬ ಪದ ಬೇಸ್‌ಬಾಲಿನಿಂದಲೇ ಹುಟ್ಟಿದ್ದು ಎಂದು ವಾದಿಸುವಂಥ ಮನುಷ್ಯ ಅವನು.

ಅವನಿಗಿದ್ದದ್ದು ಒಂದೇ ಆಸೆ. ನಮ್ಮೂರಿನ ಸಣ್ಣ ತಂಡವನ್ನು ಸಾಕುವ ದೊಡ್ಡ ತಂಡ ಪಟ್ಟ ಗೆಲ್ಲುವುದನ್ನು ಒಮ್ಮೆ ನೋಡಬೇಕು. ಕೊನೆಯ ಸಲ ಗೆದ್ದಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಆ ಜುಲೈನಲ್ಲಿ ತಂಡ ಎರಡನೇ ಸ್ಥಾನದಲ್ಲಿತ್ತು. ದಾಂಡಿಗರಿದ್ದರು, ಚೆಂಡು ಎಸೆಯುವ ಪಿಚ್ಚರ್ ಮಾತ್ರ ಇರಲಿಲ್ಲ. ಎಸೆಯುವುದು ಎಂದರೆ ಹೊಳೆಯುವುದು, ಶೋಭಿಸುವುದು ಎಂಬ ಅರ್ಥವೂ ಹಳಗನ್ನಡದಲ್ಲಿದೆ. ನಮ್ಮವರು ಎರಡೂ ಅರ್ಥದಲ್ಲಿ ಎಸೆಯುತ್ತಿರಲಿಲ್ಲ.

ಒಳ್ಳೆಯ ಪಿಚ್ಚರ್ ಬೇಕೆಂದರೆ ಬೇರೆ ತಂಡಕ್ಕೆ ಸಸಿಗಳನ್ನು ಕೊಡಬೇಕು. ಸಸಿಗಳೆಂದರೆ ನಮ್ಮೂರಿನಂಥ ಸಣ್ಣ ಊರುಗಳ ತಂಡಗಳಲ್ಲಿ ದೊಡ್ಡ ತಂಡ ಬೆಳೆಸುತ್ತಿರುವ ಹುಡುಗರು. ಅಂಥದೊಂದು ಸಸಿ ಡೆಲ್ಬರ್ಟನ ನೆಲಮಾಳಿಗೆಯಲ್ಲೇ ಬೆಳೆಯುತ್ತಿತ್ತು. ಎಲಿಯೆಸರ್ ಎಂದು ಹೆಸರು, ವೆನೆಜುವೇಲಾದವನು, ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ಚೆಂಡು ತಡೆಯುವ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುತ್ತಿದ್ದ. ಇಂಥ ಹುಡುಗರನ್ನು ಊರಿನವರು ಮನೆಯಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಡೆಲ್ಬರ್ಟನ ಹೆಂಡತಿ ಆರ್ಲೀನಳನ್ನು ಅವನು 'ಮಾಮಾ' ಎನ್ನುತ್ತಿದ್ದ, ಡೆಲ್ಬರ್ಟನನ್ನು 'ಡಾನ್ ಡೆಲ್' ಎನ್ನುತ್ತಿದ್ದ. ಎರಡೂ ಅವನ ಭಾಷೆಯ ಮರ್ಯಾದೆಯ ಮಾತೇ. ನಮ್ಮ ಕಿವಿಗೆ ಮಾತ್ರ ಆ ಮನೆಯ ಹೆಂಗಸು ಸೋದರಮಾವ, ಗಂಡಸು ಭೂಗತ ದೊರೆ.

ಮಗನಿಲ್ಲದ ಆರ್ಲೀನ್ ತಪ್ಪು ಹಿಟ್ಟಿನಲ್ಲಿ ಅವನೂರಿನ ಅರೇಪಾ ರೊಟ್ಟಿ ಸುಟ್ಟು ಕೊಡುತ್ತಿದ್ದಳು. ಅವನು ಮುಖ ಸಿಂಡರಿಸದೆ ತಿನ್ನುತ್ತಿದ್ದ. ಡೆಲ್ಬರ್ಟನ ಆಕ್ಸಿಜನ್ ಸಿಲಿಂಡರನ್ನು ಮೆಟ್ಟಿಲು ಹತ್ತಿಸುತ್ತಿದ್ದವನೂ ಅವನೇ.

ಸಂಜೆ ನಮ್ಮೂರಿನ ರೇಡಿಯೋದಲ್ಲಿ ಆಟದ ಹರಟೆ ಬರುತ್ತದೆ. ಯಾರು ಬೇಕಾದರೂ ಫೋನ್ ಮಾಡಬಹುದು. ಡೆಲ್ಬರ್ಟ್ ದಿನಾ ಮಾಡುತ್ತಿದ್ದ.

"ಹೇಳು ಡೆಲ್, ಇವತ್ತು ಯಾರನ್ನ ಮಾರ್ತೀಯ?" ಎಂದ ನಿರೂಪಕ ಒಂದು ಸಂಜೆ.

"ಎಲ್ಲಾರನ್ನೂ ಕೊಡ್ಲಿ. ಮುಂದಿನ ವರ್ಷಕ್ಕೆ ಸಸಿ ಕಾಪಾಡ್ಕೊಂಡು ಕೂತ್ರೆ ನಾನೇನ್ ಸಮಾಧಿ ಒಳಗಿಂದ ಮ್ಯಾಚ್ ನೋಡ್ಲಾ?"

"ಎದುರಿನವ್ರು ಜಾಸ್ತಿ ಕೇಳಿದ್ರೆ?"

"ಇಬ್ರನ್ನ ಕೊಡಿ. ಒಪ್ಪದೇ ಇದ್ರೆ ನಮ್ಮೂರಿನ ಆ ಶಾರ್ಟ್‌ಸ್ಟಾಪ್ ಹುಡುಗನ್ನ ಕೊಸರು ಅಂತ ಮೇಲೆ ಹಾಕಿ."

ಒಲೆಯ ಮುಂದಿದ್ದ ಆರ್ಲೀನಳ ಸೌಟು ನಿಂತಿತು. "ನಿಂಗೆ ತಲೆ ಕೆಟ್ಟಿದ್ಯಾ? ಕೆಳಗಡೆ ರೇಡಿಯೋ ಹಾಕಿರ್ತಾನೆ ಅವ್ನು. ಇಂಗ್ಲಿಷ್ ಬರ್ಲಿ ಅಂತ ನಾನೇ ಕೊಟ್ಟಿದ್ದು."

"ರೇಡಿಯೋದಲ್ಲಿ ಹೇಳಿದ್ದು ಕಣೇ, ಚರ್ಚಲ್ಲಿ ಅಲ್ವಲ್ಲ. ಯಾರು ಕೇಳ್ತಾರೆ ನನ್ನ ಮಾತು?"

ಊಟಕ್ಕೆ ಬಂದ ಎಲಿಯೆಸರ್ ಸ್ವಲ್ಪ ಹೊತ್ತು ಜೋಳದ ತೆನೆ ತಿರುಗಿಸುತ್ತಾ ಕೂತ. ಆಮೇಲೆ ಕೇಳಿದ: "ಮಾಮಾ, ಕೊಸರು ಅಂದ್ರೆ ಏನು?"

ಆರ್ಲೀನ್ ಗಂಡನ ಮುಖ ನೋಡಿದಳು. ಗಂಡ ಉಪ್ಪಿನ ಡಬ್ಬಿ ನೋಡಿದ.

"ಅಂಗಡೀಲಿ ಸಾಮಾನು ತಗೊಂಡ್ಮೇಲೆ ಪ್ರೀತಿಯಿಂದ ಒಂದಿಷ್ಟು ಜಾಸ್ತಿ ಹಾಕ್ತಾರಲ್ಲ, ಅದು," ಎಂದಳು.

"ದುಡ್ಡು ತಗೊಳ್ದೇನಾ?"

"ಹೂಂ. ತಗೊಳ್ದೆ."

"ಓ," ಎಂದ ಅವನು. "ಥ್ಯಾಂಕ್ಸ್, ಡಾನ್ ಡೆಲ್." ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಡೆಲ್ಬರ್ಟನಿಗೆ ಇವತ್ತಿಗೂ ಗೊತ್ತಾಗಿಲ್ಲ. ವ್ಯಂಗ್ಯ ಮಾಡುವಷ್ಟು ಇಂಗ್ಲಿಷು ಅವನಿಗಿನ್ನೂ ಬಂದಿರಲಿಲ್ಲ ಎಂದು ಆರ್ಲೀನ್ ಹೇಳುತ್ತಾಳೆ.

ಜುಲೈ ಮುಗಿಯುವ ಹೊತ್ತಿಗೆ ದೊಡ್ಡ ತಂಡ ಒಬ್ಬ ಪಿಚ್ಚರನ್ನು ತಂದಿತು, ಬಾಬ್ ಹ್ಯಾನ್ರಟಿ ಎಂಬ ಆರಡಿ ಮೀರಿದ ಎಡಗೈ ಆಳು. ಬದಲಿಗೆ ಕೊಟ್ಟದ್ದು ಬೇರೆ ಊರುಗಳ ಇಬ್ಬರು ಹುಡುಗರನ್ನು, ಮತ್ತು 'ಹೆಸರು ಆಮೇಲೆ ತಿಳಿಸಲಾಗುವ ಒಬ್ಬ ಆಟಗಾರ'ನನ್ನು. ಬೇಸ್‌ಬಾಲಿನಲ್ಲಿ ಹೀಗೂ ಒಂದು ಪದ್ಧತಿಯುಂಟು. ಸರಕು ಈಗ, ಹೆಸರು ಆಮೇಲೆ. ಎದುರಿನವರು ವಾರಗಟ್ಟಲೆ ಹುಡುಗರನ್ನು ನೋಡಿ, ಅಳೆದು ಸುರಿದು, ಕೊನೆಗೆ ಒಬ್ಬನನ್ನು ಆರಿಸಿಕೊಳ್ಳುತ್ತಾರೆ.

ಹ್ಯಾನ್ರಟಿಯ ಮೊದಲ ಪಂದ್ಯದ ದಿನ ನೆರೆಹೊರೆಯ ನಾವೆಲ್ಲ ಡೆಲ್ಬರ್ಟನ ಅಡುಗೆಮನೆಯ ಟೀವಿ ಮುಂದೆಯೇ ಇದ್ದೆವು. ಚೆಂಡು ಅವನ ಕೈಯಿಂದ ಹೊರಟದ್ದಷ್ಟೇ ಕಾಣುತ್ತಿತ್ತು, ಆಮೇಲಿನದು ದಾಂಡಿಗನ ಪೆಚ್ಚುಮೋರೆ. ಡೆಲ್ಬರ್ಟ್ ಕುರ್ಚಿಯ ಕೈ ಕುಟ್ಟಿ ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಎಲಿಯೆಸರ್ ಅವನ ಬೆನ್ನು ನೀವಿದ.

"ನೋಡಿದ್ಯೇನೋ ಮರಿ? ಹೆಂಗಿದಾನೆ?"

"ಚೆನ್ನಾಗಿದಾನೆ ಡಾನ್ ಡೆಲ್. ಈ ವರ್ಷ ನೀವು ಗೆಲ್ತೀರ." 'ನಾವು ಗೆಲ್ತೀವಿ' ಎನ್ನಲಿಲ್ಲ ಅವನು.

ಎರಡನೇ ಪಂದ್ಯದ ನಡುವೆ ಹ್ಯಾನ್ರಟಿ ಒಂದು ಚೆಂಡು ಎಸೆದು ಮೊಣಕೈ ಹಿಡಿದುಕೊಂಡ. ಸ್ನಾಯು ಕಿತ್ತುಹೋಗಿತ್ತು. ಶಸ್ತ್ರಚಿಕಿತ್ಸೆ, ಮುಂದಿನ ವರ್ಷವೂ ಆಟವಿಲ್ಲ. ಕೈಗೋಸ್ಕರವೇ ತಂದವನು ಕೈಕೊಟ್ಟ. ಯಾವ ಊರಲ್ಲಾದರೂ ನಗಬೇಕಾದ ಮಾತು, ಆದರೆ ಆ ಅಡುಗೆಮನೆಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ತಂಡ ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಜಾರಿತು.

ಡೆಲ್ಬರ್ಟನಿಗೆ ಈಗ ಹೊಸ ಆಸೆ, ಮೊದಲಿನದಕ್ಕಿಂತ ಚಿಕ್ಕದು. "ಮಾಲು ಕೆಟ್ಟೋಯ್ತಲ್ಲ, ಇನ್ನು ಆ ಮೂರನೆಯವನ್ನ ಕೊಡ್ಬೇಕಾಗಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದ.

"ಮಾತು ಮಾತೇ ಡೆಲ್. ಕೊಡ್ಲೇಬೇಕು."

"ಯಾರಾದ್ರೂ ಬೇರೆಯವ್ರು ಇರ್ಬೋದು."

"ಇರ್ಬೋದು," ಎಂದೆ. ನೂರಾರು ಸಸಿಗಳಿದ್ದವು, ನಿಜ. ಆದರೆ ಎದುರಿನವರು ಹುಡುಗರನ್ನು ನೋಡಲು ಕಳಿಸಿದ್ದ ಒಬ್ಬ ಟೋಪಿವಾಲ ಆಗಸ್ಟ್ ತುಂಬ ನಮ್ಮೂರಿನ ಮೈದಾನದಲ್ಲಿ ಶಾರ್ಟ್‌ಸ್ಟಾಪ್‌ನ ಎದುರಿಗೇ ಕೂರುತ್ತಿದ್ದುದನ್ನು ಇಬ್ಬರೂ ನೋಡಿದ್ದೆವು. ಡೆಲ್ಬರ್ಟ್ ರೇಡಿಯೋಗೆ ಫೋನ್ ಮಾಡುವುದನ್ನು ಬಿಟ್ಟ. ಅವನು ಹೇಳಿದ್ದಕ್ಕೇ ಕೊಟ್ಟರೆಂದು ಯಾರೂ ಅನ್ನಲಾರರು. ಅವನೊಬ್ಬ ಅನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ಊಟದ ಹೊತ್ತಿಗೆ ಎಲಿಯೆಸರನ ಫೋನ್ ಬಡಿದುಕೊಂಡಿತು. ಅವನು ನಿಂತುಕೊಂಡೇ ಮಾತಾಡಿದ, "ಎಸ್ ಸರ್" ಎಂದಷ್ಟೇ. ಆಮೇಲೆ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು, ತೊಳೆದಿಟ್ಟು, ಬ್ಯಾಗು ತುಂಬಲು ಕೆಳಗೆ ಹೋದ. ಹೊರಡುವಾಗ ಆರ್ಲೀನಳನ್ನು ಬಹಳ ಹೊತ್ತು ತಬ್ಬಿಕೊಂಡ. ಡೆಲ್ಬರ್ಟನ ನಳಿಕೆ ಎಲ್ಲಿ ಕಿತ್ತುಬರುತ್ತದೋ ಎಂದು ಹೆದರಿ ಅವನ ಭುಜ ಮಾತ್ರ ಮುಟ್ಟಿದ. ಡೆಲ್ಬರ್ಟ್ ಏನೋ ಹೇಳಲು ಬಾಯಿ ತೆರೆದ, ಉಸಿರು ಸಾಲಲಿಲ್ಲ.

ಈಗ ಎಲಿಯೆಸರ್ ಅರಿಜೋನಾದಲ್ಲಿ, ಆ ಮೂರನೆಯ ಹೆಸರಾಗಿ ಅವನನ್ನು ಆರಿಸಿಕೊಂಡ ತಂಡದಲ್ಲಿದ್ದಾನೆ. ಭಾನುವಾರ ಚರ್ಚ್ ಮುಗಿಯುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಾನೆ. ಮೊನ್ನೆ ನಾನೂ ಡೆಲ್ಬರ್ಟನ ಮನೆಯಲ್ಲಿದ್ದೆ. ಆರ್ಲೀನ್ ಅರಿಜೋನಾದ ಬಿಸಿಲು, ಊಟ ಎಲ್ಲ ವಿಚಾರಿಸಿದಳು. ಆಮೇಲೆ ಫೋನನ್ನು ಗಂಡನ ಕಡೆ ಚಾಚಿದಳು. "ನಿನ್ನನ್ನೇ ಕೇಳ್ತಿದಾನೆ."

ಡೆಲ್ಬರ್ಟ್ ಕೈಯಾಡಿಸಿ ಬೇಡವೆಂದ.

"ಮಲಗಿದಾನಪ್ಪಾ," ಎಂದಳು ಆರ್ಲೀನ್ ಫೋನಿಗೆ. "ಎಬ್ಬಿಸೋದು ಬೇಡ."

ಡೆಲ್ಬರ್ಟ್ ಕಣ್ಣು ತೆರೆದುಕೊಂಡೇ, ಸದ್ದು ಮಾಡದೆ ಉಸಿರಾಡಲು ಪ್ರಯತ್ನಿಸುತ್ತಾ ಕೂತಿದ್ದ.