ಪುಟ್ಟಗೌರಮ್ಮ ಹಗ್ಗಕ್ಕೆ ನೇತುಹಾಕಿದ ಚೀಲಗಳು

ಪ್ಲಾಸ್ಟಿಕ್ ನಿಷೇಧದ ಮಾತು ಜೋರಾಗಿದ್ದ ಕಾಲ. ನನ್ನ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನಂಜನಗೂಡಿನಲ್ಲಿ ರೈತರೇ ಕಟ್ಟಿಕೊಂಡಿದ್ದ ನರ್ಸರಿ ಸಂಘವೊಂದಕ್ಕೆ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಗೊಬ್ಬರವಿರಲಿ, ಕುಂಡವಿರಲಿ, ಕೊಳ್ಳುವ ಮೊದಲು ನನ್ನ ವರದಿ ಬೇಕು. ಸುತ್ತಲಿನ ಖಾಸಗಿ ನರ್ಸರಿಗಳೂ ಅದನ್ನೇ ನಂಬುತ್ತಿದ್ದವು.

ಟಿ. ನರಸೀಪುರದ ಬಳಿಯ ಪುಟ್ಟಗೌರಮ್ಮ ತೆಂಗಿನ ನಾರು, ಸಗಣಿ ಕಲಸಿ ಅಚ್ಚಿನಲ್ಲಿ ಒತ್ತಿ ಸಸಿಯ ಕುಂಡ ಮಾಡುತ್ತಿದ್ದರು. ಸಸಿಯನ್ನು ಕುಂಡದ ಸಮೇತ ನೆಟ್ಟರೆ ಸಾಕು; ಕುಂಡ ಮಣ್ಣಾಗುತ್ತದೆ, ಬೇರು ಸಲೀಸಾಗಿ ಹೊರಗೆ ಹರಡುತ್ತದೆ. ಕೆಲಸಕ್ಕೆ ಆರು ಹೆಂಗಸರಿದ್ದರು. ಎರಡು ವರ್ಷ ಬಸ್ಸಿನಲ್ಲಿ ಕುಂಡ ಹೊತ್ತು ನರ್ಸರಿಯಿಂದ ನರ್ಸರಿಗೆ ತಿರುಗಿ ಆಕೆ ಗಿರಾಕಿಗಳನ್ನು ಸಂಪಾದಿಸಿದ್ದರು.

ಅದಕ್ಕೆ ಎದುರಾಗಿ ನಂಜನಗೂಡಿನ ವ್ಯಾಪಾರಿ ಪ್ರಕಾಶ 'ಮಣ್ಣಲ್ಲಿ ಕರಗುವ ಚೀಲ' ತಂದ. ಬೆಲೆ ಅರ್ಧ, ಮೇಲೊಂದು ಹಸಿರು ಎಲೆಯ ಚಿತ್ರ. ಒಂದು ಮಧ್ಯಾಹ್ನ ಗೆದ್ದಲು ಹತ್ತಿದ ನಾರಿನ ಕುಂಡವನ್ನು ನನ್ನ ಮೇಜಿನ ಮೇಲಿಟ್ಟು, ಇದು ಆ ಹೆಂಗಸಿನ ಮಾಲು ಎಂದ. ಅದು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ಆಕೆಯ ಶೆಡ್‌ಗೂ ಹೋಗಲಿಲ್ಲ. 'ನಾರಿನ ಕುಂಡಕ್ಕೆ ಗೆದ್ದಲು ಬರುವ ಸಂಭವವಿದೆ' ಎಂದು ಒಂದು ಸಾಲು ಬರೆದು ಸಹಿ ಹಾಕಿದೆ. ಪ್ರಕಾಶ ಅದರ ಜೆರಾಕ್ಸ್ ಹಿಡಿದು ಎಲ್ಲ ನರ್ಸರಿಗಳನ್ನೂ ಸುತ್ತಿದ. ತಿಂಗಳೊಳಗೆ ನಮ್ಮ ಸಂಘವೂ ಸೇರಿ ಎಲ್ಲರೂ ಅವನ ಚೀಲಕ್ಕೆ ತಿರುಗಿದರು, ಪುಟ್ಟಗೌರಮ್ಮನ ಆರ್ಡರುಗಳು ನಿಂತುಹೋದವು, ಆರೂ ಹೆಂಗಸರು ಕೆಲಸವಿಲ್ಲದೆ ಮನೆ ಸೇರಿದರು.

ಆಕೆ ಬಂದು ಜಗಳವಾಡಲಿಲ್ಲ. ಮಳೆಗಾಲ ಮುಗಿಯುವವರೆಗೆ ಕಾದರು. ಹೆಡತಲೆ ಎಂಬ ಊರಿನ ರೈತ ಸಿದ್ದರಾಜುವಿನ ನಿಂಬೆ ಸಸಿಗಳು ಹಳದಿಯಾಗುತ್ತಿವೆ ಎಂಬ ಸುದ್ದಿ ಸಿಕ್ಕಿದ್ದೇ ಗುದ್ದಲಿ ಹಿಡಿದು ಅಲ್ಲಿಗೆ ಹೋದರು. ಬುಡ ಅಗೆದರೆ ಚೀಲ ಇದ್ದ ಹಾಗೇ ಇತ್ತು. ಬೇರು ಒಳಗೇ ಸುರುಳಿ ಸುತ್ತಿಕೊಂಡಿತ್ತು. ಎಲೆಯ ಚಿತ್ರದ ಬಣ್ಣ ಕೂಡ ಮಾಸಿರಲಿಲ್ಲ. ಅಲ್ಲಿಂದ ಊರೂರು ಅಲೆದು ಹನ್ನೊಂದು ತೋಟಗಳಿಂದ ಚೀಲ ಕಿತ್ತು, ತೊಳೆದು ಒಣಗಿಸಿಟ್ಟುಕೊಂಡರು.

ಸಂತೆಯ ದಿನ ಪ್ರಕಾಶನ ಅಂಗಡಿಯ ಎದುರಿಗೇ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದಂತೆ ಆ ಚೀಲಗಳನ್ನು ನೇತುಹಾಕಿದರು. ಒಂದೊಂದಕ್ಕೂ ಚೀಟಿ: ರೈತನ ಹೆಸರು, ನೆಟ್ಟ ತಿಂಗಳು, ಸತ್ತ ಗಿಡಗಳೆಷ್ಟು ಎಂಬ ಲೆಕ್ಕ. ಸಾಲಿನ ಕೊನೆಯಲ್ಲಿ ನನ್ನ ವರದಿಯ ಜೆರಾಕ್ಸ್. ಜನ ಮುತ್ತಿಕೊಂಡರು. ಪ್ರಕಾಶ ನನ್ನನ್ನು ಫೋನ್ ಮಾಡಿ ಕರೆಸಿ, ಎಲ್ಲವನ್ನೂ ತೆಗೆಸಿ ಎಂದು ಗೋಗರೆದ.

ಪುಟ್ಟಗೌರಮ್ಮ ನನ್ನ ಮುಖವನ್ನೇ ನೋಡುತ್ತ, "ತೆಗೀರಿ ಸಾ. ಎಲ್ಲಾರ್ ಮುಂದೆ ನಿಮ್ ಕೈಯಾರೆ ತೆಗೀರಿ" ಎಂದರು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನನ್ನ ವರದಿಯೊಂದನ್ನೇ ಬಿಚ್ಚಿದೆ. ಅದರ ಮೇಲೆ 'ಪರೀಕ್ಷಿಸದೆ ಬರೆದದ್ದು, ಹಿಂಪಡೆದಿದ್ದೇನೆ' ಎಂದು ಬರೆದು, ಸಹಿ ಹಾಕಿ, ಮತ್ತೆ ಅಲ್ಲೇ ಕಟ್ಟಿದೆ. ಆ ವಾರವೇ ಸಂಘ ಪ್ರಕಾಶನ ಚೀಲವನ್ನು ಕೈಬಿಟ್ಟು ನಾರಿನ ಕುಂಡಕ್ಕೆ ಆರ್ಡರ್ ಕೊಟ್ಟಿತು.

ಕೆಲವು ತಿಂಗಳಲ್ಲಿ ಎಲ್ಲರೂ ನಾರಿನ ಕುಂಡವನ್ನೇ ಕೇಳತೊಡಗಿದರು. ಪ್ರಕಾಶ ಬೇರೆ ದಾರಿ ಕಾಣದೆ ಆಕೆಯ ಶೆಡ್‌ಗೆ ಹೋಗಿ ತನಗೂ ಮಾಲು ಬೇಕೆಂದ. ಆಕೆ ಷರತ್ತು ಹಾಕಿದರು: ಹನ್ನೊಂದು ತೋಟಗಳಲ್ಲಿ ಉಳಿದ ಚೀಲಗಳನ್ನೆಲ್ಲ ಅವನೇ ಅಗೆದು ತೆಗೆಯಬೇಕು, ಹೊಸ ಸಸಿ ತಂದು ಅವನೇ ನೆಡಬೇಕು. ಹೆಡತಲೆಯಲ್ಲಿ ನಾನೇ ಕಣ್ಣಾರೆ ಕಂಡೆ. ಅವನು ಪ್ಯಾಂಟು ಮಡಿಚಿ ಬೆವರು ಸುರಿಸಿ ಅಗೆಯುತ್ತಿದ್ದ. ಆಕೆ ಬದುವಿನ ಮೇಲೆ ಎಲೆಯಡಿಕೆ ಜಗಿಯುತ್ತ ಕೂತು, "ಇನ್ನೂ ಆಳುಕ್ಕೆ ತೆಗಿ" ಎನ್ನುತ್ತಿದ್ದರು. ನೋಡಿ ನನಗೂ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆಕೆ ಮಾತಿಗೆ ತಪ್ಪದೆ ಅವನಿಗೂ ಕುಂಡ ಕೊಟ್ಟರು, ಆದರೆ ಉಳಿದೆಲ್ಲ ಅಂಗಡಿಗಳಿಗೆ ಕಳಿಸಿ ಮಿಕ್ಕಿದ್ದನ್ನು ಮಾತ್ರ.

ನನಗೆ ಯಾವ ಷರತ್ತೂ ಹಾಕಲಿಲ್ಲ. ಮಾಲು ಇಳಿಸಲು ಸಂಘಕ್ಕೆ ಬಂದಾಗ ಕುರ್ಚಿ ತೋರಿಸಿದರೆ ಕೂರುತ್ತಿರಲಿಲ್ಲ, ಕಾಫಿ ತರಿಸಿದರೆ ಮುಟ್ಟುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ, ಪ್ರಕಾಶನಿಗೇ ಮಾಲು ಕೊಡುತ್ತೀರಿ, ನನ್ನ ಮೇಲೆ ಇನ್ನೂ ಸಿಟ್ಟೇ ಎಂದು.

"ಅವ್ನು ಯಾಪಾರಕ್ಕೆ ಮಾಡ್ದ ಸಾ. ಅದ್ರಿಂದ ನಿಮ್ಗೇನ್ ಬತ್ತಿತ್ತು?"

ನಿಜ ಹೇಳಬೇಕೆಂದರೆ, ಆ ಮಧ್ಯಾಹ್ನ ಬಿಸಿಲಿತ್ತು, ಟಿ. ನರಸೀಪುರದವರೆಗೆ ಹೋಗಿಬರಲು ನನಗೆ ಬೇಜಾರಾಗಿತ್ತು. ಅಷ್ಟಕ್ಕೆ ಆರು ಹೆಂಗಸರ ಕೆಲಸ ಹೋಗಿತ್ತು. ಉಳಿದ ಸರ್ವಿಸಿನಲ್ಲಿ, ಜಾಗಕ್ಕೆ ಹೋಗಿ ನೋಡದೆ ನಾನು ಒಂದು ಸಾಲನ್ನೂ ಬರೆಯಲಿಲ್ಲ.