ನಾನು ಅಳಿಸಿದ ಕೆರೆ

ನಿಮ್ಮ ನಕ್ಷೆಯ ಮೇಲೆ ಕೆರೆಯ ಗುರುತು ಇತ್ತು, ಸೋಮಶೇಖರ ಅವರೇ. ವಿಚಾರಣೆಯಲ್ಲಿ ನೀವು ಹೇಳಿದ್ದು ನಿಜ. ಆ ಗುರುತು ಹಾಕಿದವನು ನಾನು. ವಿಚಾರಣೆಗೆ ಮೊದಲು ಅದನ್ನು ಅಳಿಸಿದವನೂ ನಾನೇ.

ನನಗೀಗ ಎಪ್ಪತ್ತಾರು. ಮೆಟ್ರಿಕ್ ಮುಗಿಸಿ ವಾಯುಪಡೆ ಸೇರಿ, ಪೈಲಟ್ ತರಬೇತಿ ಕೇಂದ್ರದ ನಕ್ಷೆ ಕೋಣೆಯಲ್ಲಿ ಕೆಲಸಕ್ಕಿದ್ದೆ. ನೀವು ಅಲ್ಲಿ ಹಾರಾಟ ಕಲಿಯಲು ಬಂದವರು, ಹಾಸನದ ಕಡೆಯವರು. ಕಲಿಯುವವರು ಒಬ್ಬರೇ ದೂರದ ಊರುಗಳ ಮೇಲೆ ಸುತ್ತಿ ಮರಳುವ ಕ್ರಾಸ್‌ಕಂಟ್ರಿ ಹಾರಾಟವೆಂದರೆ ಎಲ್ಲರಿಗೂ ಅಳುಕು — ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಗಡಿಯಾರ, ಕೆಳಗಿನ ಊರನ್ನು ತಾವೇ ಗುರುತಿಸಬೇಕು. ನಿಮ್ಮ ಪಾಲಿಗೆ ಬಂದ ದಾರಿ ಗದಗ, ಲಕ್ಷ್ಮೇಶ್ವರ, ಮುಂಡರಗಿ. ನನ್ನ ಸೀಮೆ.

ಹಿಂದಿನ ದಿನ ನಕ್ಷೆ ಒಯ್ಯಲು ಬಂದ ನೀವು ನಕ್ಕು ಹೇಳಿದಿರಿ: “ಗದಗಕ್ಕೆ ರೈಲು ಹಳಿ ಇದೆ, ಮುಂಡರಗಿ ಆಚೆ ಹೊಳೆ ಇದೆ. ನಡುವೆ ಬರೀ ಕರೀ ಹೊಲ ಕಣ್ರೀ. ನಿಮ್ ಕಡೆ ದೇವರು ನೀರು ಹಾಕೋದೇ ಮರೆತನಾ?”

ತಮಾಷೆಯ ಮಾತು. ನನಗೆ ಚುಚ್ಚಿತು.

“ನಮ್ಮ ಬೆಳ್ಳಟ್ಟಿ ಕೆರಿ ನೀವು ನೋಡಿಲ್ರಿ ಸರ್. ಲಕ್ಷ್ಮೇಶ್ವರ ದಾಟಿ ಸ್ವಲ್ಪ ಮುಂದ ಬಂದ್ರ ಕನ್ನಡಿ ಹಂಗ ಹೊಳೀತೈತಿ. ಅದು ಕಂಡ್ರ ದಾರಿ ಸರಿ ಐತಿ ಅಂತ ತಿಳೀರಿ.”

ನಕ್ಷೆ ಹಳೆಯದು, ನಮ್ಮ ಕೆರೆ ಅದರಲ್ಲಿ ಇರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ನಾನೇ ಬರೆದೆ. ಹಾಗೆ ಬರೆಯುವ ಅಧಿಕಾರ ನನಗಿರಲಿಲ್ಲ. ಊರಿಗೆ ಹೋಗಿ ವರ್ಷ ದಾಟಿತ್ತು. ಕೆರಿ ತುಂಬಿ ಕೋಡಿ ಹರದೈತಿ ಎಂದು ಅಪ್ಪ ಶ್ರಾವಣದಲ್ಲಿ ಬರೆಸಿದ ಕಾಗದ ಪೆಟ್ಟಿಗೆಯಲ್ಲಿತ್ತು. ನೀವು ಹಾರಿದ್ದು ಮೇ ತಿಂಗಳಲ್ಲಿ. ಮೇನಲ್ಲಿ ಆ ಕೆರೆ ಒಣಗಿ, ಅದರ ಅಂಗಳದಲ್ಲಿ ಊರವರು ಸೌತೆ ಹಾಕಿರುತ್ತಾರೆ. ಅಲ್ಲೇ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೇ — ಗೊತ್ತಿತ್ತು. ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಕಾಗದದ ಕೆರೆ.

ನೀರು ಕಾಣಲಿಲ್ಲವೆಂದು ನೀವು ದಾರಿ ತಪ್ಪಿದೆ ಅಂದುಕೊಂಡಿರಿ. ಇದ್ದದ್ದು ಸರಿಯಾದ ದಾರಿಯಲ್ಲೇ. ಹುಡುಕುತ್ತ ಸುತ್ತಿ, ನಿಜಕ್ಕೂ ದಾರಿ ತಪ್ಪಿ, ಇಂಧನ ತೀರುತ್ತ ಬಂದಾಗ ಮುಂಡರಗಿ ಸಮೀಪದ ಹೊಲದಲ್ಲಿ ವಿಮಾನ ಇಳಿಸಿದಿರಿ. ಅದರ ಮೂತಿ ಮುರಿಯಿತು. ನಿಮಗೆ ಪೆಟ್ಟಾಗಲಿಲ್ಲ.

ನಕ್ಷೆ ಮರಳಿ ನನ್ನ ಮೇಜಿಗೇ ಬಂತು. ರಬ್ಬರ್ ಪಕ್ಕದಲ್ಲಿತ್ತು. ನೌಕರಿ ಹೋದೀತೆಂಬ ಹೆದರಿಕೆ — ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ನಕ್ಷೆ ಕೊಟ್ಟವನೆಂದು ವಿಚಾರಣೆಗೆ ನನ್ನನ್ನೂ ಕರೆಸಿದ್ದರು. ಅಲ್ಲಿ ನೀವು ಗುರುತು ಇತ್ತು ಅಂದಿರಿ, ಯಾರು ಹಾಕಿದ್ದೆಂದು ಹೇಳಲಿಲ್ಲ. ಅಧಿಕಾರಿ ನಕ್ಷೆ ಕೊಟ್ಟು ತೋರಿಸಿ ಅಂದರು. ನೀವು ಬೆರಳಾಡಿಸಿದಿರಿ. ತಿಕ್ಕಿದ ಜಾಗದಲ್ಲಿ ಕಾಗದ ಒರಟಾಗಿತ್ತು. ಬೆರಳು ಅಲ್ಲಿ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಿರಿ. ಅಧಿಕಾರಿ ನನ್ನನ್ನು ಕೇಳಿದರು, ಗುರುತು ಇತ್ತೇ ಎಂದು.

“ಇರಲಿಲ್ಲ, ಸರ್.”

ಆಮೇಲೆ ನೀವು ಬಾಯಿ ತೆರೆಯಲಿಲ್ಲ. ಏಕೆ ತೆರೆಯಲಿಲ್ಲ ಎಂಬುದು ಇವತ್ತಿಗೂ ನನಗೆ… ಬರೀ ದಾರಿ ತಪ್ಪಿದ್ದಷ್ಟೇ ಆಗಿದ್ದರೆ ಇನ್ನೊಂದು ಅವಕಾಶ ಸಿಗುತ್ತಿತ್ತೋ ಏನೋ. ಸುಳ್ಳು ಹೇಳಿದವನೆಂದು ನಿಮ್ಮನ್ನು ಕಳಿಸಿಬಿಟ್ಟರು. ಟ್ರಂಕು ಹೊತ್ತು ಗೇಟು ದಾಟುವುದನ್ನು ನಾನು ಕಿಟಕಿಯಿಂದ ನೋಡಿದೆ.

ಮಳೆಗಾಲದಲ್ಲಿ ರಜೆಗೆ ಊರಿಗೆ ಹೋದಾಗ ಅಪ್ಪ ಊಟಕ್ಕೆ ಕೂತು ಹೇಳಿದ: “ಈ ಬ್ಯಾಸಗ್ಯಾಗ ಒಂದು ವಿಮಾನ ಬಂದಿತ್ತಲೇ. ನಮ್ಮ ಸೌತಿಬಳ್ಳಿ ಮ್ಯಾಲೆ ಮೂರು ಸುತ್ತು ಹೊಡೀತು. ನಾ ರುಮಾಲ ಬಿಚ್ಚಿ ಬೀಸಿದೆ. ಅಂವ ಏನ್ ಹುಡುಕಾಕತ್ತಿದ್ನೋ, ಪಾಪ.”

“ಯಾರಿಗೆ ಗೊತ್ತಪ್ಪ,” ಅಂದೆ.

ಸಾಯುವವರೆಗೂ ಅಪ್ಪ ಮನೆಗೆ ಬಂದವರಿಗೆಲ್ಲ ಆ ವಿಮಾನದ ಸುದ್ದಿ ಹೇಳುತ್ತಿದ್ದ. ಪ್ರತಿ ಸಲವೂ ನಾನು ಮೊದಲ ಸಲ ಕೇಳಿದವನಂತೆ ಕೂತಿರುತ್ತಿದ್ದೆ.

ನೀವು ಎಲ್ಲಿದ್ದೀರೋ, ಇದ್ದೀರೋ ಇಲ್ಲವೋ ತಿಳಿಯದು. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಆ ಕೇಂದ್ರದ ಈಗಿನ ಅಧಿಕಾರಿಗೆ, ನನ್ನ ಹೆಸರು, ಸೇವಾ ಸಂಖ್ಯೆ ಹಾಕಿ ಒಂದು ಕಾಗದ ಬರೆದಿಟ್ಟಿದ್ದೇನೆ. ನಾಳೆ ಬೆಳ್ಳಟ್ಟಿಯ ಅಂಚೆಗೆ ಹಾಕುತ್ತೇನೆ. ಅದರಲ್ಲಿ ಹೆಚ್ಚೇನೂ ಇಲ್ಲ. ಅಂದು ಕೇಳಿದ ಪ್ರಶ್ನೆಗೆ ಉತ್ತರ ಇದೆ.

ಗುರುತು ಇತ್ತು, ಸರ್.