ಕದರಪ್ಪ ಮಾವ ರುಚಿ ನೋಡಿದ ವಿಸ್ಕಿ

ನಮ್ಮ ಸೋದರಮಾವ ಕದರಪ್ಪನ ನಾಲಿಗೆಯನ್ನು ಹೊಳವನಹಳ್ಳಿಯ ಸುತ್ತಮುತ್ತ ಹೊಗಳದವರಿಲ್ಲ. ಹೊಗಳುವವರಿಗೇನು, ಆ ನಾಲಿಗೆಯ ಜೊತೆ ಬದುಕಿದವಳು ನಾನು.

ಮಾವನಿಗೆ ಹೆಂಡದಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಈಚಲು ಹೆಂಡದ ಮಡಕೆಗಳು ಬಂದ ಕೂಡಲೇ ಒಂದೊಂದರಿಂದಲೂ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದ. ಯಾವುದು ಇವತ್ತು ಇಳಿಸಿದ್ದು, ಯಾವುದಕ್ಕೆ ನೀರು ಬಿದ್ದಿದೆ, ಯಾರು ಮಡಕೆ ತೊಳೆದಿಲ್ಲ, ಎಲ್ಲವನ್ನೂ ಹೇಳುತ್ತಿದ್ದ. ಹೆಂಡ ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಮಾರನೆಯ ದಿನ ಚೆಲ್ಲುವ ಸರಕು. ಇದರಲ್ಲಿ ಅವನು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಪುಣ್ಯ ಬರುತ್ತಿತ್ತು. ಲೋಕದಲ್ಲಿ ಯಾವುದರಲ್ಲೂ ತಾನು ತಪ್ಪುವುದಿಲ್ಲ ಎಂದುಕೊಂಡುಬಿಟ್ಟ. ಮನೆಯಲ್ಲಿ ಸಾರು, ಮಜ್ಜಿಗೆ, ಕೊನೆಗೆ ಬಾವಿಯ ನೀರು ಕೂಡ ಅವನ ತಪಾಸಣೆಗೆ ಒಳಗಾಗಬೇಕಿತ್ತು.

ನಾನು ಹಸುಗೂಸಾಗಿದ್ದಾಗಲೇ ಅಪ್ಪ ಸತ್ತ ಮೇಲೆ ನಮ್ಮನ್ನು ಸಾಕಿದವನು ಅವನೇ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಮದುವೆಗೂ ಅವನ ನಾಲಿಗೆಯೇ ಅಡ್ಡ ಬಂತು. ನಮ್ಮ ಮನೆತನದಲ್ಲಿ ವೀಳ್ಯಶಾಸ್ತ್ರದ ದಿನ ಗಂಡಿನ ಕಡೆಯವರು ಹೆಂಡ ತರಬೇಕು. ಹುಡುಗಿಯ ಸೋದರಮಾವ ರುಚಿ ನೋಡಿ, ಒಪ್ಪಿ, ತಾಂಬೂಲ ಹಿಡಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಪಾವಗಡದವರ ಹೆಂಡ ಹುಳಿ ಎಂದ. ಸಿರಾದವರದು ಬರೀ ನೀರು ಎಂದ. ಇನ್ನೊಬ್ಬರ ಮಡಕೆಯಲ್ಲಿ ಹೊಗೆ ವಾಸನೆ. ಬಿಸಿಲಲ್ಲಿ ಬಸ್ಸಿನ ಮೇಲೆ ಕಟ್ಟಿಕೊಂಡು ಬಂದ ಹೆಂಡ ಹುಳಿಯಾಗದೆ ಇರುತ್ತದೆಯೇ? ನಾನು ಮದುವೆಯಾಗಬೇಕಾದದ್ದು ಗಂಡನ್ನೋ, ಮಡಕೆಯನ್ನೋ? ಒಳಮನೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತೇ ನನಗೆ ಇಪ್ಪತ್ತೇಳು ತುಂಬಿತು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಪುರವರದ ರೇಣುಕಯ್ಯ ನೋಡಲು ಬಂದರು. ಬೊಂಬಾಯಿಯಿಂದ ಹೊರಡುವ ಹಡಗಿನಲ್ಲಿ ಅಡುಗೆಯವರು. "ನಿಮ್ಗೆ ಒಪ್ಪಿಗೆ ಐತಾ?" ಎಂದು ನನ್ನನ್ನೇ ಕೇಳಿದ ಮೊದಲ ಮನುಷ್ಯ. ಇವರನ್ನು ಬಿಡಬಾರದು ಎಂದು ಅಂದೇ ತೀರ್ಮಾನಿಸಿದೆ. ಹೆಂಡದ ಗೋಳನ್ನು ನಮ್ಮಮ್ಮ ಮಾರಕ್ಕ ಮೊದಲೇ ಅವರ ಕಿವಿಗೆ ಹಾಕಿದ್ದಳು. ಹಾಗಾಗಿ ವೀಳ್ಯಕ್ಕೆ ಅವರು ಹೆಂಡದ ಬದಲು ಐರ್ಲೆಂಡಿನ ವಿಸ್ಕಿ ತಂದರು. ಅದು ಕೆಡುವುದೇ ಇಲ್ಲವಂತೆ.

ಮಾವ ಬಾಟಲಿಯನ್ನು ಬಿಸಿಲಿಗೆ ಹಿಡಿದ. ಅಂಗೈಗೆ ಬಿಟ್ಟುಕೊಂಡು ಉಜ್ಜಿದ, ಮೂಸಿದ. ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದು ಚಪ್ಪರಿಸಿದ.

"ಜೇನುತುಪ್ಪದ ವಾಸ್ನೆ ಐತೆ. ಹುರಿದ ಕಾಳಿನ ರುಚಿ. ಗಂಟ್ಲಲ್ಲಿ ಇಳಿದ್ರೂ ನಾಲ್ಗೆ ಬುಡ್ತಾ ಇಲ್ಲ."

ನನಗೆ ಹೋದ ಜೀವ ಬಂತು.

"ಆದ್ರೆ ಕೆಂಪಗೆ ಯಾಕಪ್ಪ ಐತೆ? ಮರದ ವಾಸ್ನೆ ಬೇರೆ. ತೊಳೀದೆ ಇರೋದ್ರಾಗೆ ಇಟ್ಟವ್ರೆ."

"ಮರದ ಪೀಪಾಯ್ಲೇ ಇಡ್ತಾರೆ ಮಾವ," ಎಂದರು ರೇಣುಕಯ್ಯ. "ಹನ್ನೆರಡು ವರ್ಸ ಇಟ್ಟಿರೋದು."

ಅಯ್ಯೋ, ಅದೊಂದನ್ನು ಹೇಳದಿದ್ದರೆ ಆಗುತ್ತಿತ್ತು.

"ಹನ್ನೆರಡು ವರ್ಸವಾ! ನೆನ್ನೇದನ್ನೇ ನಾನು ಚೆಲ್ಲುಸ್ತೀನಿ. ವೀಳ್ಯಕ್ಕೆ ಹಳಸಿದ್ದು ತಂದವ್ರೆ ನೋಡಕ್ಕ!"

ತೀರ್ಪು ಗಟ್ಟಿ ಮಾಡಿಕೊಳ್ಳಲು ಇನ್ನೊಂದು ಗುಟುಕು, ಅದನ್ನು ಗಟ್ಟಿ ಮಾಡಲು ಮತ್ತೊಂದು. ಬಾಟಲಿ ಅರ್ಧಕ್ಕೆ ಇಳಿದರೂ ಹಳಸಿದ್ದು ಹಳಸಿದ್ದೇ. ಮೈಯೆಲ್ಲ ಉರಿಯಿತು ನನಗೆ. ಗಂಡಿನ ಕಡೆಯ ಹಿರಿಯರು ಟವೆಲ್ ಕೊಡವಿ ಎದ್ದರು. ಅಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ರೇಣುಕಯ್ಯ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಕರೆಯದೆ ಹುಡುಗಿ ನಡುಮನೆಗೆ ಬರುವಂತಿರಲಿಲ್ಲ. ಬಂದೆ.

"ಮಾವ, ಇಟ್ಕೊಂಡಿದ್ದೆಲ್ಲ ಹಳಸ್ತದಾ?"

"ಹಳಸ್ದೆ ಇನ್ನೇನಮ್ಮ?"

"ಅಂಗಾರೆ ಇಪ್ಪತ್ತೇಳು ವರ್ಸದಿಂದ ನನ್ನ ಮನೇಲಿ ಇಟ್ಕೊಂಡಿದೀಯಲ್ಲ, ನಾನೂ ಹಳಸೋಗಿದೀನಾ? ಇವ್ರೆಲ್ಲರ ಮುಂದೆ ಹೇಳ್ಬುಡು. ನನ್ನೂ ಚೆಲ್ಲುಸ್ಬುಡು."

ಮಾವ ನನ್ನ ಮುಖವನ್ನೇ ನೋಡಿದ. ಲೋಟ ಕೆಳಗಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ತಾಂಬೂಲದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದ.

"ಕೂತ್ಕೊಳಪ್ಪ," ಎಂದ ರೇಣುಕಯ್ಯನವರಿಗೆ. "ಲಗ್ನ ಯಾವತ್ತು ಇಟ್ಕೊಳಾನ?"